ಬೆಳಗಾವಿ ಜಿಲ್ಲೆಯ ಬುಡಕಟ್ಟು ಮಕ್ಕಳ ಆರೋಗ್ಯ ಮತ್ತು ಕಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಶಾಲೆಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಹಾಗೂ ತಂದೆ-ತಾಯಂದಿರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬೆಳಗಾವಿ ಜಿಲ್ಲೆಯನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದರೂ ಬಾಗಲಕೋಟೆ ಮತ್ತು ವಿಜಯಪುರದ ಓದುಗರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಬೆಳಗಾವಿ ಎಂದರೆ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ಇಲ್ಲಿ ಬುಡಕಟ್ಟು ಜನರು ಎಲ್ಲಿದ್ದಾರೆ?

ಜಿಲ್ಲೆಯ ಪಶ್ಚಿಮಕ್ಕಿರುವ ಖಾನಾಪುರ ತಾಲ್ಲೂಕು ಸಹ್ಯಾದ್ರಿಯ ದಟ್ಟ ಕಾಡಿನ ಪ್ರದೇಶ. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದೂ, 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮ ಇರುವುದೂ ಅಲ್ಲಿಯೇ. ಈ ತಾಲ್ಲೂಕಿನಲ್ಲಿ ಸಿದ್ದಿ ಕುಟುಂಬಗಳಿವೆ, ಎಮ್ಮೆ ಸಾಕಿ ಬದುಕುವ ಧನಗರ ಗೌಳಿಗಳ ವಾಡೆಗಳೆಂಬ ಸಣ್ಣ ವಸತಿಗಳಿವೆ, ಮಳೆಗಾಲದಲ್ಲಿ ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಳ್ಳುವ ಸಣ್ಣ ಹಳ್ಳಿಗಳೂ ಇವೆ.

ಬಯಲು ಭಾಗದ ಚಿತ್ರ ಬೇರೆ. ಗೋಕಾಕ, ಹುಕ್ಕೇರಿ ಮುಂತಾದ ಕಡೆ ಬೇಡ, ವಾಲ್ಮೀಕಿ, ನಾಯಕ ಎಂದು ಕರೆಸಿಕೊಳ್ಳುವ ಸಮುದಾಯ ದೊಡ್ಡ ಸಂಖ್ಯೆಯಲ್ಲಿದೆ. ಜಿಲ್ಲೆಯ ಯಮಕನಮರಡಿ ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ನೆರೆಯ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು 1857ರಲ್ಲಿ ನಿಶ್ಶಸ್ತ್ರೀಕರಣದ ವಿರುದ್ಧ ಎದ್ದು ನಿಂತ ಕಥೆಯನ್ನು ಲಾವಣಿಗಳಲ್ಲಿ ಕೇಳದವರು ಈ ಕಡೆ ವಿರಳ. ಇವರಲ್ಲದೆ ಹಾರನಶಿಕಾರಿ, ಫಾಸೆ ಪಾರ್ಧಿ, ಮೇದ, ರಾಜಗೊಂಡ ಮುಂತಾದ ಸಣ್ಣ ಸಮುದಾಯಗಳೂ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿವೆ. ಇವರಲ್ಲಿ ಅನೇಕರು ಊರಿನ ಅಂಚಿನಲ್ಲಿ, ಗುಡಿಸಲು ಅಥವಾ ತಗಡಿನ ಶೆಡ್ಡುಗಳಲ್ಲಿ ವಾಸಿಸುತ್ತಾರೆ. ಕಾಡಿನ ಮಗುವಿಗೆ ದೂರವೇ ತೊಡಕು. ಊರಂಚಿನ ಮಗುವಿಗೆ ಆಸ್ಪತ್ರೆ ಮತ್ತು ಶಾಲೆ ಕಣ್ಣೆದುರಿಗೇ ಇದ್ದರೂ ಒಳಗೆ ಕಾಲಿಡುವುದೇ ತೊಡಕು. ಆದ್ದರಿಂದ ಒಂದು ಕಡೆ ಫಲ ಕೊಟ್ಟ ಉಪಾಯವನ್ನು ಇನ್ನೊಂದು ಕಡೆ ಹಾಗೆಯೇ ಜಾರಿ ಮಾಡಿದರೆ ನಿರಾಸೆಯಾಗುವುದು ಸಹಜ.

ಗೌಳಿಗಳು ಮತ್ತು ಲಂಬಾಣಿಗರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದಾರೆಯೇ?

ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ. ಧನಗರ ಗೌಳಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ, ಸೇರಿಸಬೇಕೆಂಬ ಬೇಡಿಕೆ ಮಾತ್ರ ಹಳೆಯದು. ಸಿದ್ದಿಗಳ ವಿಷಯದಲ್ಲಿ ಒಂದು ಬದಲಾವಣೆಯನ್ನು ಗಮನಿಸಬೇಕು: 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳಿಗೆ ಮಾತ್ರ ಈ ಸ್ಥಾನ ಸಿಕ್ಕಿತ್ತು, 2020ರ ತಿದ್ದುಪಡಿಯಿಂದ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಸಿಕ್ಕಿತು. ಅದೇ ತಿದ್ದುಪಡಿಯು ತಳವಾರ ಮತ್ತು ಪರಿವಾರ ಸಮುದಾಯಗಳನ್ನು ನಾಯಕ ಎಂಬುದರ ಪರ್ಯಾಯ ಹೆಸರುಗಳಾಗಿ ಸೇರಿಸಿತು. ಹಾಗಾಗಿ ಅದಕ್ಕೂ ಮೊದಲು ಪ್ರಮಾಣಪತ್ರ ಸಿಗದೆ ಹಿಂದಿರುಗಿದ ಕುಟುಂಬಗಳು ನಾಡಕಚೇರಿಯಲ್ಲಿ ಮತ್ತೆ ಅರ್ಜಿ ಹಾಕಬಹುದು.

ಆದರೆ ಲಸಿಕೆ, ಅಂಗನವಾಡಿಯ ಆಹಾರ, ಶಾಲೆಯ ಪ್ರವೇಶ, ಮಧ್ಯಾಹ್ನದ ಊಟ ಇವುಗಳಿಗೆ ಜಾತಿ ಪ್ರಮಾಣಪತ್ರದ ಅಗತ್ಯವೇ ಇಲ್ಲ. ವಿದ್ಯಾರ್ಥಿವೇತನ ಮತ್ತು ವಸತಿ ಶಾಲೆಯ ಮೀಸಲಾತಿಗೆ ಮಾತ್ರ ಅದು ಬೇಕು. ಪ್ರಮಾಣಪತ್ರ ಬಂದ ಮೇಲೆ ನೋಡೋಣ ಎಂದು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಅಥವಾ ಶಾಲೆಯಿಂದ ಹಿಂದೆ ಕಳಿಸುವುದು ಎರಡೂ ತಪ್ಪು.

ಆರೋಗ್ಯಕ್ಕೆ ಒಂದು ಇಲಾಖೆ, ಶಿಕ್ಷಣಕ್ಕೆ ಇನ್ನೊಂದು ಇಲಾಖೆ ಇರುವಾಗ ಎರಡನ್ನೂ ಒಟ್ಟಿಗೆ ಏಕೆ ಚರ್ಚಿಸಬೇಕು?

ಇಲಾಖೆಗಳು ಎರಡಾದರೂ ಮಗು ಒಂದೇ ಆಗಿರುವುದರಿಂದ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, ಶೇ. 19.5ರಷ್ಟು ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದ್ದರು, ಮತ್ತು ಆರು ತಿಂಗಳಿಂದ ಐದು ವರ್ಷದೊಳಗಿನ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಇವು ಇಡೀ ರಾಜ್ಯದ ಸರಾಸರಿಗಳು.

ಮಿದುಳಿನ ಬೆಳವಣಿಗೆಯ ಬಹುಪಾಲು ಗರ್ಭದಲ್ಲಿಯೂ ಮೊದಲ ಎರಡು ವರ್ಷಗಳಲ್ಲಿಯೂ ಆಗುತ್ತದೆ, ಅದಕ್ಕೆ ಕಬ್ಬಿಣಾಂಶ, ಅಯೋಡಿನ್ ಮತ್ತು ಸಾಕಷ್ಟು ಪ್ರೋಟೀನ್ ಬೇಕು. ಆ ಕಾಲದಲ್ಲಿ ಕಬ್ಬಿಣಾಂಶದ ಕೊರತೆಯಾದ ಮಗು ಒಂದನೆಯ ತರಗತಿಗೆ ಬಂದಾಗ ಗಲಾಟೆ ಮಾಡುವುದಿಲ್ಲ, ಹಟ ಹಿಡಿಯುವುದಿಲ್ಲ, ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ತರಗತಿಯ ದೃಷ್ಟಿಯಿಂದ ಅದು ಒಳ್ಳೆಯ ಮಗು, ಪರೀಕ್ಷೆಯ ದೃಷ್ಟಿಯಿಂದ ದಡ್ಡ ಮಗು. ಅದರ ಕೆಳರೆಪ್ಪೆಯನ್ನು ಎಳೆದು, ಒಳಭಾಗ ಬಿಳಿಚಿರುವುದನ್ನು ನೋಡಿದವರಿಗೆ ಮಾತ್ರ ನಿಜ ಗೊತ್ತಾಗುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಪರಿಶಿಷ್ಟ ಪಂಗಡಗಳಲ್ಲಿ ಅದು ಶೇ. 62ರ ಆಸುಪಾಸಿನಲ್ಲಿತ್ತು. ಈ ಅಂತರಕ್ಕೆ ಶಾಲೆಯೊಳಗಷ್ಟೇ ಕಾರಣ ಹುಡುಕಿದರೆ ಅರ್ಧ ಕಾರಣ ಮಾತ್ರ ಸಿಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ. ಅಂಗನವಾಡಿ, ಉಪಕೇಂದ್ರ, ಶಾಲೆ ಇವೆಲ್ಲ ಒಂದೊಂದು ಕಟ್ಟಡದಲ್ಲಿ ನೆಲೆ ನಿಂತ ಸೇವೆಗಳು. ನಾವು ಮಾತಾಡುತ್ತಿರುವ ಮಕ್ಕಳಾದರೋ ಮಳೆಗಾಲದಲ್ಲಿ ಆ ಕಟ್ಟಡ ತಲುಪಲಾಗದವರು, ಸುಗ್ಗಿಯ ಕಾಲದಲ್ಲಿ ಊರಲ್ಲೇ ಇಲ್ಲದವರು. ಆ ತಿಂಗಳುಗಳಲ್ಲಿ ತಪ್ಪುವುದು ಲಸಿಕೆಯೂ ಹೌದು, ಪಾಠವೂ ಹೌದು. ಮುಂದಿನ ಬಹುತೇಕ ಉತ್ತರಗಳು ಈ ತಿಂಗಳುಗಳ ಸುತ್ತಲೇ ತಿರುಗುತ್ತವೆ.

ಮಳೆಗಾಲದಲ್ಲಿ ಕಾಡಂಚಿನ ಹಳ್ಳಿಯ ಗರ್ಭಿಣಿಯನ್ನು ಆಸ್ಪತ್ರೆಗೆ ಸೇರಿಸುವುದು ಹೇಗೆ?

ನೋವು ಶುರುವಾದ ಮೇಲೆ ಯೋಚಿಸಿದರೆ ತಡವಾಗುತ್ತದೆ. ಖಾನಾಪುರದ ಪಶ್ಚಿಮ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳಗಳು ತುಂಬಿ ಹರಿಯುತ್ತವೆ. 108 ಆಂಬ್ಯುಲೆನ್ಸ್ ಡಾಂಬರು ರಸ್ತೆ ಮುಗಿಯುವವರೆಗೆ ಮಾತ್ರ ಬರಬಲ್ಲದು, ಮುಂದಿನ ದಾರಿ ಹೆಗಲ ಮೇಲಿನ ಜೋಲಿಯದ್ದು. ಮೊಬೈಲ್ ಸಿಗ್ನಲ್ಲೂ ಎಲ್ಲ ಕಡೆ ಇರುವುದಿಲ್ಲ.

ಆದ್ದರಿಂದ ಮೇ ತಿಂಗಳಲ್ಲಿಯೇ ಆಶಾ ಕಾರ್ಯಕರ್ತೆ ಮತ್ತು ಕಿರಿಯ ಆರೋಗ್ಯ ಸಹಾಯಕಿ ಕೂಡಿ ಜೂನ್‌ನಿಂದ ಅಕ್ಟೋಬರ್ ಒಳಗೆ ದಿನ ತುಂಬುವವರ ಪಟ್ಟಿ ಮಾಡಬೇಕು. ಅವರನ್ನು ದಿನ ತುಂಬುವ ಎರಡು ವಾರ ಮೊದಲೇ ರಸ್ತೆ ಬದಿಯ ಊರಿನ ನೆಂಟರ ಮನೆಗೋ ಸಮುದಾಯ ಆರೋಗ್ಯ ಕೇಂದ್ರದ ಸಮೀಪಕ್ಕೋ ಕರೆತರುವುದು ಸುರಕ್ಷಿತ. ಚೊಚ್ಚಲು ಬಸುರಿಗೆ ತವರಿಗೆ ಹೋಗುವ ರೂಢಿ ಇದ್ದೇ ಇದೆ, ತವರೂ ಕಾಡಿನೊಳಗೇ ಇದ್ದರೆ ಮಾತ್ರ ಮನೆಯ ಹಿರಿಯರೊಂದಿಗೆ ಕೂತು ಮಾತಾಡಬೇಕಾಗುತ್ತದೆ. ಆ ಮಾತುಕತೆಯಲ್ಲಿ ಅತ್ತೆ ಒಪ್ಪಿದರೆ ಮುಕ್ಕಾಲು ಕೆಲಸ ಆದಂತೆ.

ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ-ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಹಜ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಮನೆಗೆ ಮರಳಿ ಬಿಡುವ ವಾಹನ ಎಲ್ಲವೂ ಉಚಿತ. ಒಂದು ವರ್ಷದೊಳಗಿನ ಮಗು ಕಾಯಿಲೆ ಬಿದ್ದರೆ ಅದರ ಚಿಕಿತ್ಸೆಗೂ ಇದು ಅನ್ವಯಿಸುತ್ತದೆ. ಹೆರಿಗೆಯ ನಂತರ ಆಶಾ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬಂದು ಮಗುವನ್ನು ನೋಡಬೇಕೆಂಬ ನಿಯಮವಿದೆ. ಹಳ್ಳ ದಾಟಲಾಗದ ವಾರಗಳಲ್ಲಿ ಈ ಭೇಟಿ ನಡೆಯದೆ ಹೋಗುವ ಸಂಭವ ಹೆಚ್ಚು. ಅದಕ್ಕೆ ಒಂದೇ ಪರಿಹಾರವೆಂದರೆ ಆಶಾ ಅದೇ ವಾಡೆಯವಳಾಗಿರುವುದು.

ಮಗು ಅಪೌಷ್ಟಿಕವಾಗಿದೆ ಎಂದು ಮನೆಯವರೇ ತಿಳಿಯಬಹುದೇ?

ತಿಳಿಯಬಹುದು. ಅಂಗನವಾಡಿಯಲ್ಲಿ ತೋಳಿನ ಸುತ್ತಳತೆ ಅಳೆಯುವ ಮೂರು ಬಣ್ಣದ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡ ಮೇಲ್ತೋಳಿನ ನಡುಭಾಗದಲ್ಲಿ ಅಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗೆ ಬಂದರೆ ಮಧ್ಯಮ ಪ್ರಮಾಣದ್ದು. ಎರಡೂ ಪಾದಗಳಲ್ಲಿ ಊತವಿದ್ದು, ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದು ಹಾಗೆಯೇ ಉಳಿದರೆ, ಮಗು ದುಂಡಗೆ ಕಂಡರೂ ಅದು ಅಪಾಯದ ಸೂಚನೆ. ಈ ಊತವನ್ನು ಮೈ ತುಂಬಿಕೊಂಡಿದೆ ಎಂದು ತಿಳಿದು ಸಂತೋಷಪಡುವ ಅಜ್ಜಿಯರಿದ್ದಾರೆ, ಅವರಿಗೆ ಗೌರವದಿಂದಲೇ ತಿಳಿಹೇಳಬೇಕು.

ತೀವ್ರ ಅಪೌಷ್ಟಿಕತೆಯ ಜೊತೆಗೆ ಜ್ವರ, ಭೇದಿ, ಉಸಿರಾಟದ ತೊಂದರೆ ಅಥವಾ ಹಸಿವೇ ಇಲ್ಲದ ಸ್ಥಿತಿ ಇದ್ದರೆ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಅಲ್ಲಿ ಸಾಮಾನ್ಯವಾಗಿ 14 ದಿನ ಇಟ್ಟುಕೊಂಡು ಮೊದಲು ಸೋಂಕು, ಮೈ ತಣ್ಣಗಾಗುವುದು ಮತ್ತು ಸಕ್ಕರೆಯ ಅಂಶ ಇಳಿಯುವುದನ್ನು ಸರಿಪಡಿಸಿ, ಆಮೇಲೆ ಹಂತ ಹಂತವಾಗಿ ಆಹಾರ ಹೆಚ್ಚಿಸುತ್ತಾರೆ. ಬಹಳ ಸೊರಗಿದ ಮಗುವಿಗೆ ಮನೆಯಲ್ಲಿ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ಉಣಿಸುವುದು ಜೀವಕ್ಕೇ ಅಪಾಯ ತರಬಹುದು.

ಅಲ್ಲಿಗೆ ಸೇರಿಸಲು ತಾಯಂದಿರು ಒಪ್ಪುವುದಿಲ್ಲವಲ್ಲ?

ಒಪ್ಪದಿರಲು ಕಾರಣಗಳಿವೆ. ಮನೆಯಲ್ಲಿ ಇನ್ನೆರಡು ಮಕ್ಕಳು, ಕರೆಯಬೇಕಾದ ಎಮ್ಮೆಗಳು, ನಿಂತುಹೋಗುವ ಕೂಲಿ. ಕೇಂದ್ರದಲ್ಲಿ ತಾಯಿಗೂ ಊಟ ಕೊಡುತ್ತಾರೆ, ಕೂಲಿ ನಷ್ಟಕ್ಕೆ ಪರಿಹಾರದ ಹಣವೂ ಇದೆ, ಆದರೆ ಎಮ್ಮೆ ಕರೆಯುವವರನ್ನು ಯಾವ ಯೋಜನೆಯೂ ಕೊಡುವುದಿಲ್ಲ. ಆದ್ದರಿಂದ ತಾಯಿಗೆ ಉಪದೇಶ ಮಾಡುವುದಕ್ಕಿಂತ ಮೊದಲು ಆ ಎರಡು ವಾರ ಉಳಿದ ಮಕ್ಕಳನ್ನು ನೋಡಿಕೊಳ್ಳುವವರನ್ನು ಗೊತ್ತು ಮಾಡುವುದು ಜಾಣತನ. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಮನಸ್ಸು ಮಾಡಿದರೆ ಇದು ಸಾಧ್ಯ. ತಂದೆಯೂ ಮನೆಯಲ್ಲಿ ಇದ್ದಾನೆ ಎಂಬುದನ್ನು ನಾವು ಏಕೋ ಮರೆಯುತ್ತೇವೆ.

ಮನೆಯಲ್ಲಿ ಸಿಗುವ ಆಹಾರದಲ್ಲಿಯೇ ಮಗುವಿಗೆ ಏನು ಕೊಡಬೇಕು?

ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ನೀರೂ ಬೇಡ, ಜೇನುತುಪ್ಪವೂ ಬೇಡ. ಆರು ತಿಂಗಳು ತುಂಬಿದ ಕೂಡಲೇ ಎದೆಹಾಲಿನ ಜೊತೆಗೆ ಮೆತ್ತಗಿನ ಆಹಾರ ಶುರುವಾಗಬೇಕು. ನಮ್ಮ ಕಡೆ ತಪ್ಪುವುದು ಹೆಚ್ಚಾಗಿ ಇಲ್ಲಿಯೇ: ಮಗುವಿಗೆ ಬೇಳೆಯ ಮೇಲಿನ ತಿಳಿನೀರು ಕೊಡುತ್ತಾರೆ, ಕೆಳಗಿನ ಬೇಳೆ ದೊಡ್ಡವರ ಪಾಲಾಗುತ್ತದೆ. ಆಹಾರ ಚಮಚದಿಂದ ಜಾರದಷ್ಟು ಗಟ್ಟಿಯಾಗಿರಬೇಕು. ಜೋಳದ ನುಚ್ಚಿಗೆ ಹೆಸರುಬೇಳೆ ಸೇರಿಸಿ ಬೇಯಿಸಿ, ಮಸೆದು, ಒಂದು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಹಾಕಿ ಕೊಡಬಹುದು. ಹಾಲಿನಲ್ಲಿ ನೆನೆಸಿ ಮೆತ್ತಗೆ ಮಾಡಿದ ರೊಟ್ಟಿ, ನುಣ್ಣಗೆ ಕುಟ್ಟಿದ ಶೇಂಗಾ, ಬೇಯಿಸಿದ ಮೊಟ್ಟೆ, ಮೆಂತೆ ಅಥವಾ ಪುಂಡಿ ಸೊಪ್ಪು, ಖಾನಾಪುರದ ಕಡೆ ಅಕ್ಕಿ ಮತ್ತು ನಾಚಣಿಯ (ರಾಗಿಯ) ಅಂಬಲಿ, ಇವೆಲ್ಲ ದುಬಾರಿ ಪದಾರ್ಥಗಳಲ್ಲ. ಇಡೀ ಶೇಂಗಾ ಕಾಳನ್ನು ಮಾತ್ರ ಸಣ್ಣ ಮಕ್ಕಳ ಕೈಗೆ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗೌಳಿಗಳ ಮನೆಯಲ್ಲಿ ಹಾಲು ಇದ್ದರೂ ಅದೆಲ್ಲ ಡೇರಿಗೋ ಪೇಟೆಗೋ ಹೋಗಿ, ಮಕ್ಕಳಿಗೆ ಕರಿ ಚಹಾ ಉಳಿಯಬಹುದು. ಊಟದ ಜೊತೆ ಕುಡಿಯುವ ಚಹಾ ಆಹಾರದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ, ಎರಡು ವರ್ಷದ ಮಗುವಿಗೆ ಅದನ್ನು ಕೊಡದಿರುವುದೇ ಒಳಿತು.

ಶಾಲೆಗೆ ಬಂದ ಮಕ್ಕಳಿಗೆ ಅಕ್ಷರ ದಾಸೋಹದ ಊಟದ ಜೊತೆಗೆ 2013ರಿಂದ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ. ಶಾಲೆಯಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ವಿಜಯಪುರ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಆಮೇಲೆ ರಾಜ್ಯಕ್ಕೆಲ್ಲ ವಿಸ್ತರಿಸಿ, 2024ರಲ್ಲಿ ವಾರಕ್ಕೆ ಆರು ದಿನಗಳಿಗೆ ಏರಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಶಾಲೆಯಲ್ಲಿ ಮೊಟ್ಟೆ ಬೇಡವೆಂದು ವಾದ ಮಾಡಿದವರಲ್ಲಿ ಹಾರನಶಿಕಾರಿ ತಾಯಂದಿರಂತೂ ಇರಲಿಲ್ಲ. ಸಿದ್ದಿ ಸಮುದಾಯ ಸೇರಿದಂತೆ ಅರಣ್ಯ ಅವಲಂಬಿತ ಬುಡಕಟ್ಟು ಕುಟುಂಬಗಳಿಗೆ ಬೇಳೆಕಾಳು, ಎಣ್ಣೆ, ಬೆಲ್ಲ, ತುಪ್ಪ, ಮೊಟ್ಟೆ ಕೊಡುವ ಪೌಷ್ಟಿಕ ಆಹಾರ ಯೋಜನೆಯೂ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯಲ್ಲಿದೆ. ಖಾನಾಪುರದ ಸಿದ್ದಿ ಕುಟುಂಬಗಳು ತಾಲ್ಲೂಕಿನ ಕಚೇರಿಯಲ್ಲಿ ಅದನ್ನು ಕೇಳಬೇಕು.

ಭೇದಿಯಾದಾಗ ಮನೆಯಲ್ಲಿ ಮೊದಲು ಮಾಡಬೇಕಾದದ್ದೇನು?

ಒಂದು ಪೂರ್ತಿ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಪ್ರತಿ ಸಲ ಭೇದಿಯಾದ ಮೇಲೂ ಚಮಚದಿಂದ ಕುಡಿಸಬೇಕು, ತಯಾರಿಸಿದ ನೀರನ್ನು ಮರುದಿನಕ್ಕೆ ಉಳಿಸಬಾರದು. ಸತುವಿನ ಮಾತ್ರೆಯನ್ನು ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಕೊಡಬೇಕು, ಭೇದಿ ನಿಂತಿತೆಂದು ಮೂರನೆಯ ದಿನವೇ ಬಿಡಬಾರದು. ಎದೆಹಾಲು ಮತ್ತು ಊಟವನ್ನು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಮಗು ಕುಡಿಯಲಾರದಷ್ಟು ಸುಸ್ತಾದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೋಗಲೇಬೇಕು. ಮಳೆಗಾಲಕ್ಕೆ ಮೊದಲೇ ಪ್ರತಿ ಮನೆಗೆ ಎರಡು ಪೊಟ್ಟಣ ಕೊಟ್ಟಿಡುವುದು ಕಾಡಂಚಿನ ಹಳ್ಳಿಗಳಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಕೆಲಸ.

ನಮ್ಮ ವಾಡೆಯಲ್ಲಿ ಅಂಗನವಾಡಿಯೇ ಇಲ್ಲ. ಅರಣ್ಯ ಇಲಾಖೆ ಕಟ್ಟಡಕ್ಕೆ ಜಾಗ ಕೊಡುವುದಿಲ್ಲ ಎನ್ನುತ್ತಾರೆ. ಏನು ಮಾಡಬೇಕು?

ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಬುಡಕಟ್ಟು ಮತ್ತು ಗುಡ್ಡಗಾಡು ಪ್ರದೇಶಗಳಲ್ಲಿ 300ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ, 150ರಿಂದ 300 ಜನಸಂಖ್ಯೆಗೆ ಒಂದು ಮಿನಿ ಅಂಗನವಾಡಿ ಎಂಬುದು ಮಾನದಂಡ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದು ಕೇಂದ್ರವಿಲ್ಲದ ಜನವಸತಿಯವರು ಅದನ್ನು ಬೇಡಿಕೆಯ ಮೇಲೆ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಮಕ್ಕಳ ಹೆಸರು ಮತ್ತು ವಯಸ್ಸಿನ ಪಟ್ಟಿಯೊಂದಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಜಾಗದ ವಿಷಯದಲ್ಲಿ 2006ರ ಅರಣ್ಯ ಹಕ್ಕುಗಳ ಕಾಯ್ದೆಯ ಸೆಕ್ಷನ್ 3(2) ಓದಬೇಕು. ಶಾಲೆ, ಅಂಗನವಾಡಿ, ಔಷಧಾಲಯ, ಕುಡಿಯುವ ನೀರು, ರಸ್ತೆ ಮುಂತಾದ ಸೌಕರ್ಯಗಳಿಗಾಗಿ ಪ್ರತಿಯೊಂದಕ್ಕೂ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಟ್ಟುಕೊಡಲು ಅದರಲ್ಲಿ ಅವಕಾಶವಿದೆ. ವನ್ಯಜೀವಿಧಾಮದೊಳಗಿನ ಹಳ್ಳಿಗಳಲ್ಲಿ 1972ರ ವನ್ಯಜೀವಿ ಕಾಯ್ದೆಯೂ ಅನ್ವಯವಾಗುವುದರಿಂದ ಅಲ್ಲಿನ ದಾರಿ ಹೆಚ್ಚು ಉದ್ದ. ಪುನರ್ವಸತಿಯ ಮಾತುಕತೆ ನಡೆಯುತ್ತಿರುವ ಹಳ್ಳಿಗಳಲ್ಲಿ ಹೇಗೂ ಹೊರಗೆ ಹೋಗುವವರಲ್ಲವೇ ಎಂಬ ಕಾರಣ ಮುಂದಿಟ್ಟು ಇರುವ ಸೇವೆಯನ್ನೂ ಸಡಿಲ ಬಿಡುವ ಅಪಾಯವಿದೆ. ಮೂರು ವರ್ಷದ ಮಗುವಿಗೆ ಪುನರ್ವಸತಿಯ ತನಕ ಕಾಯುವಷ್ಟು ಬಾಲ್ಯ ಇರುವುದಿಲ್ಲ. ಕಟ್ಟಡ ಬರುವ ತನಕ ಯಾರದಾದರೂ ಮನೆಯ ಪಡಸಾಲೆಯಲ್ಲಿ ಕೇಂದ್ರ ನಡೆಸುವುದಕ್ಕೆ ಅಡ್ಡಿಯಿಲ್ಲ.

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ. ಮಗು ಕಲಿಯುವುದು ಹೇಗೆ?

ಬೇಡ ಸಮುದಾಯದ ಮಕ್ಕಳಿಗೆ ಈ ತೊಡಕಿಲ್ಲ, ಅವರ ಮನೆಮಾತು ಕನ್ನಡವೇ. ಖಾನಾಪುರದ ಸಿದ್ದಿ ಮತ್ತು ಗೌಳಿ ಮನೆಗಳಲ್ಲಿ ಕೊಂಕಣಿ, ಮರಾಠಿ ಬೆರೆತ ಮಾತು ಕೇಳಿಬರುತ್ತದೆ. ಹಾರನಶಿಕಾರಿಗಳ ಮನೆಮಾತು ಗುಜರಾತಿಗೆ ಹತ್ತಿರದ್ದು. ಲಂಬಾಣಿಗರ ತಾಂಡಾದಲ್ಲಿ ಗೋರಬೋಲಿ. ಇಂಥ ಮಗುವಿಗೆ ಜೂನ್ ತಿಂಗಳ ಮೊದಲ ದಿನ ಅಕ್ಕೋರು ಆಡುವ ಮಾತು ಬರೀ ಸದ್ದು. ತಿಳಿಯದ್ದರಿಂದ ಅದು ಉತ್ತರಿಸುವುದಿಲ್ಲ, ಉತ್ತರಿಸದ್ದರಿಂದ ಮಾಸ್ತರು ಕೇಳುವುದನ್ನು ಬಿಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಭಾಷೆಯ ವಿಷಯ ಬಂದರೆ ಚರ್ಚೆ ಕೂಡಲೇ ಕನ್ನಡ-ಮರಾಠಿ ಕಡೆಗೆ ತಿರುಗುತ್ತದೆ, ಈ ಎರಡರ ನಡುವೆ ಮೂರನೆಯ ಮನೆಮಾತಿನ ಮಗು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ. ಅಂಗನವಾಡಿ ಸಹಾಯಕಿ ಅದೇ ಸಮುದಾಯದವಳಾಗಿದ್ದರೆ ಅರ್ಧ ತೊಡಕು ತೀರುತ್ತದೆ. ಶಿಕ್ಷಕರು ಆ ಭಾಷೆಯ ನೂರಿನ್ನೂರು ಪದಗಳನ್ನು, ಮುಖ್ಯವಾಗಿ ಹಸಿವು, ನೋವು, ಭಯ, ಶೌಚ ಹೇಳುವ ಮಾತುಗಳನ್ನು ಕಲಿತರೆ ಉಳಿದರ್ಧದಲ್ಲಿ ಬಹುಪಾಲು ಹಗುರಾಗುತ್ತದೆ. ಮೊದಲ ವರ್ಷ ಕಥೆ, ಹಾಡು, ಎಣಿಕೆ ಮನೆಮಾತಿನಲ್ಲೇ ಶುರುವಾಗಿ ಕನ್ನಡಕ್ಕೆ ಮೆಲ್ಲಗೆ ದಾಟಲಿ. ರಾಜ್ಯವೆಲ್ಲ ಬಳಸುವ ನಲಿ-ಕಲಿ ಪದ್ಧತಿ 1995ರಲ್ಲಿ ಮೊಳೆತದ್ದು ಬುಡಕಟ್ಟು ಜನ ಹೆಚ್ಚಿರುವ ಹೆಗ್ಗಡದೇವನಕೋಟೆ ತಾಲ್ಲೂಕಿನ ಸಣ್ಣ ಶಾಲೆಗಳಲ್ಲಿ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬಹುದು, ಕೆಲವು ದಿನ ತಪ್ಪಿಸಿದರೂ ಬಿಟ್ಟಲ್ಲಿಂದ ಮುಂದುವರಿಯಬಹುದು ಎಂಬುದು ಅದರ ತಿರುಳು. ಗೈರುಹಾಜರಿ ಹೆಚ್ಚಿರುವ ಕಡೆ ಇಂಥ ಪದ್ಧತಿಯೇ ಬೇಕು, ಆದರೆ ಅದನ್ನು ಕಾರ್ಡುಗಳ ಪೆಟ್ಟಿಗೆಯಾಗಿ ಕಪಾಟಿನಲ್ಲಿಟ್ಟರೆ ಪ್ರಯೋಜನವಿಲ್ಲ.

ದೀಪಾವಳಿ ಮುಗಿಯುತ್ತಿದ್ದಂತೆ ಪಾಲಕರು ಗುಳೆ ಹೋಗುತ್ತಾರೆ, ಮಕ್ಕಳೂ ಹೋಗುತ್ತಾರೆ. ಶಾಲೆ ಏನು ಮಾಡಬಹುದು?

ಈ ಪ್ರಶ್ನೆಗೆ ಎರಡು ಮುಖಗಳಿವೆ, ಏಕೆಂದರೆ ನಮ್ಮ ಭಾಗ ಗುಳೆ ಕಳಿಸುವ ನಾಡೂ ಹೌದು, ಗುಳೆ ಬರಮಾಡಿಕೊಳ್ಳುವ ನಾಡೂ ಹೌದು. ವಿಜಯಪುರ, ಬಾಗಲಕೋಟೆಯ ತಾಂಡಾಗಳಿಂದ ಜನ ಮಹಾರಾಷ್ಟ್ರಕ್ಕೂ ಗೋವಾಕ್ಕೂ ಹೋಗುತ್ತಾರೆ. ಅದೇ ವೇಳೆಗೆ ಬೆಳಗಾವಿಯ ಕಬ್ಬಿನ ಗದ್ದೆಗಳಿಗೆ ಹೊರಗಿನಿಂದ ಕಡಿಯುವ ಗ್ಯಾಂಗುಗಳು ಬರುತ್ತವೆ. ಮುಂಗಡ ಹಣ ಪಡೆದ ದಂಪತಿ ಅದು ತೀರುವವರೆಗೆ ಬೆಳಗಿನ ಜಾವದಿಂದ ದುಡಿಯುತ್ತಾರೆ, ಗುಡಿಸಲಲ್ಲಿ ಕೂಸನ್ನು ನೋಡಿಕೊಳ್ಳುವುದು ಎಂಟು ವರ್ಷದ ಅಕ್ಕ. ಆ ಅಕ್ಕನ ಹೆಸರು ಅವಳ ಊರಿನ ಹಾಜರಿ ಪುಸ್ತಕದಲ್ಲಿ ಇನ್ನೂ ಇರುತ್ತದೆ.

ಕಳಿಸುವ ಊರಿನ ಶಾಲೆ ಮಾಡಬೇಕಾದದ್ದು ಅಕ್ಟೋಬರ್‌ನಲ್ಲಿಯೇ ಪಾಲಕರ ಸಭೆ ಕರೆದು ಯಾರು ಹೋಗುತ್ತಾರೆ, ಎಲ್ಲಿಗೆ, ಎಷ್ಟು ತಿಂಗಳು ಎಂದು ಬರೆದುಕೊಳ್ಳುವುದು. ಅಜ್ಜ-ಅಜ್ಜಿಯ ಬಳಿ ಮಕ್ಕಳನ್ನು ಬಿಡಲು ಸಾಧ್ಯವಿರುವ ಮನೆಗಳಿಗೆ ಆ ಸಲಹೆ ಕೊಡುವುದು. ಸಾಧ್ಯವಿಲ್ಲದ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನದ ವಸತಿ ಕೇಂದ್ರ ಕೇಳುವುದು. ಈ ಬೇಡಿಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಮಳೆಗಾಲದಲ್ಲಿಯೇ ಹೋಗಿರಬೇಕು, ನವೆಂಬರ್‌ನಲ್ಲಿ ಬರೆದ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಕುಟುಂಬವೇ ಮರಳಿ ಬಂದಿರುತ್ತದೆ.

ಬರಮಾಡಿಕೊಳ್ಳುವ ಊರಿನ ಶಾಲೆಗೆ ಕಾನೂನು ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು, ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ರಾಜ್ಯದೊಳಗಿನ ಮಗುವಾದರೆ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯ ಎಸ್‌ಎಟಿಎಸ್ ಸಂಖ್ಯೆಯಿಂದ ಅದರ ಹಿಂದಿನ ಶಾಲೆ ಗೊತ್ತಾಗುತ್ತದೆ. ಗ್ಯಾಂಗ್ ಬೀಡುಬಿಟ್ಟ ಕಡೆ ಟೆಂಟ್ ಶಾಲೆ ನಡೆಸುವ ಪದ್ಧತಿಯೂ ಇದೆ. ಕಾರ್ಖಾನೆಯ ಕಬ್ಬು ವಿಭಾಗಕ್ಕೆ ಯಾವ ಗ್ಯಾಂಗು ಯಾವ ಗದ್ದೆಯಲ್ಲಿದೆ ಎಂಬ ಲೆಕ್ಕ ದಿನದಿನವೂ ಗೊತ್ತಿರುತ್ತದೆ. ಅದೇ ಮಾಹಿತಿಯನ್ನು ಶಾಲೆಗೂ ಆರೋಗ್ಯ ಉಪಕೇಂದ್ರಕ್ಕೂ ಕೊಡುವಂತೆ ಮಾಡಿದರೆ ಮಕ್ಕಳನ್ನು ಹುಡುಕುವ ಶ್ರಮವೇ ಉಳಿಯುತ್ತದೆ.

ಗುಳೆ ಹೋದ ಕಡೆ ಲಸಿಕೆ ಹಾಕಿಸಬಹುದೇ?

ದೇಶದ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೂ ಉಚಿತವಾಗಿ ಹಾಕಿಸಬಹುದು. ಲಸಿಕೆಯ ವಿವರ ಬರೆದಿರುವ ‘ತಾಯಿ ಕಾರ್ಡ್’ ಅನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಜೊತೆಗೇ ಒಯ್ಯಬೇಕು, ಅದರ ಫೋಟೊವನ್ನು ಮೊಬೈಲಿನಲ್ಲೂ ಇಟ್ಟುಕೊಳ್ಳಬೇಕು. 6, 10, 14 ವಾರಗಳ ಲಸಿಕೆಗಳಿಗಿಂತ ಹೆಚ್ಚಾಗಿ ತಪ್ಪಿಹೋಗುವುದು 9ನೆಯ ತಿಂಗಳ ದಡಾರ-ರುಬೆಲ್ಲಾ ಮತ್ತು 16ರಿಂದ 24 ತಿಂಗಳ ನಡುವಿನ ಎರಡನೆಯ ಡೋಸು, ಏಕೆಂದರೆ ಅಷ್ಟರಲ್ಲಿ ತಾಯಿ ಮತ್ತೆ ಕೆಲಸಕ್ಕೆ ಹೊರಟಿರುತ್ತಾಳೆ. ತಡವಾದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟುಹೋದದ್ದನ್ನು ಮುಂದುವರಿಸಿದರೆ ಸಾಕು. 9ನೆಯ ತಿಂಗಳಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡುವ ಎ ಜೀವಸತ್ವದ ದ್ರಾವಣವನ್ನೂ, ಫೆಬ್ರುವರಿ ಮತ್ತು ಆಗಸ್ಟ್ ತಿಂಗಳುಗಳ ಜಂತುಹುಳು ಮಾತ್ರೆಯನ್ನೂ ಕೇಳಿ ಪಡೆಯಬೇಕು. ಫೆಬ್ರುವರಿಯ ಮಾತ್ರೆ ಹಂಚುವ ದಿನ ಗುಳೆ ಹೋದ ಮಕ್ಕಳಲ್ಲಿ ಒಬ್ಬರೂ ತಮ್ಮ ಊರಿನ ಶಾಲೆಯಲ್ಲಿ ಇರುವುದಿಲ್ಲ.

ಮಗು ಮನೆಯಲ್ಲೇ ಹುಟ್ಟಿದೆ, ಜನನ ಪ್ರಮಾಣಪತ್ರವಿಲ್ಲ. ಶಾಲೆಗೆ ಸೇರಿಸಬಹುದೇ?

ಸೇರಿಸಬಹುದು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 14ನೆಯ ಸೆಕ್ಷನ್ ಹೇಳುತ್ತದೆ. ಆದರೂ ನೋಂದಣಿಯನ್ನು ಅಲಕ್ಷ್ಯ ಮಾಡಬೇಡಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಹಲವು ಕೆಲಸಗಳಲ್ಲಿ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಾಂಕದ ದಾಖಲೆಯಾಗಿರುತ್ತದೆ. ಹುಟ್ಟಿದ 21 ದಿನದೊಳಗೆ ನೋಂದಣಿ ಉಚಿತ, ಒಂದು ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ.

ಹಾರನಶಿಕಾರಿ ಮಕ್ಕಳನ್ನು ಸೇರಿಸಿಕೊಂಡರೆ ಬೇರೆ ಪಾಲಕರು ತಕರಾರು ಮಾಡುತ್ತಾರೆ. ಹೇಗೆ ನಿಭಾಯಿಸುವುದು?

ಈ ಸಮುದಾಯದವರು ಕಳ್ಳರೆಂಬ ಶಂಕೆಯೇ ತಕರಾರಿನ ಮೂಲ, ಅದರ ಬೇರು ಹಳೆಯದು. ಬ್ರಿಟಿಷರು 1871ರಲ್ಲಿ ತಂದ ಕಾಯ್ದೆಯೊಂದು ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತ್ತು. ಸ್ವತಂತ್ರ ಭಾರತ ಅದನ್ನು 1952ರಲ್ಲಿ ರದ್ದುಪಡಿಸಿತು. ಕಾನೂನು ಹೋಗಿ ಏಳು ದಶಕವಾದರೂ ತರಗತಿಯಲ್ಲಿ ಪೆನ್ನು ಕಳೆದರೆ ಮೊದಲು ತಪಾಸಣೆಯಾಗುವುದು ಯಾರ ಚೀಲ ಎಂಬುದನ್ನು ಶಿಕ್ಷಕರು ತಮ್ಮ ಮನಸ್ಸಿಗೆ ತಾವೇ ಕೇಳಿಕೊಳ್ಳಬೇಕು. ದೈಹಿಕ ಶಿಕ್ಷೆಯಂತೆಯೇ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿದೆ.

ತಕರಾರು ಮಾಡುವವರೊಂದಿಗೆ ಸಭೆಯಲ್ಲಿ ವಾದಕ್ಕಿಳಿಯುವುದಕ್ಕಿಂತ ಆ ಸಮುದಾಯದ ಒಬ್ಬ ತಾಯಿಯನ್ನು ಎಸ್‌ಡಿಎಂಸಿಗೆ ತರುವುದು ಹೆಚ್ಚು ಪರಿಣಾಮಕಾರಿ. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೂ ಒಟ್ಟಾರೆ ಅರ್ಧದಷ್ಟು ಮಹಿಳೆಯರೂ ಇರಬೇಕು, ಹಿಂದುಳಿದ ವರ್ಗಗಳ ಮಕ್ಕಳ ಪಾಲಕರಿಗೆ ಪ್ರಮಾಣಕ್ಕೆ ತಕ್ಕ ಸ್ಥಾನ ಇರಬೇಕು ಎಂದು ಕಾಯ್ದೆಯೇ ಹೇಳಿದೆ. ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಕ್ಕಷ್ಟೇ ಅವಳನ್ನು ಕರೆಯಬಾರದು. ಕುರ್ಚಿ ಕೊಟ್ಟು, ಅವ್ವಾ ಎಂದು ಮಾತಾಡಿಸಿ, ಬಿಸಿಯೂಟದ ರುಚಿ ನೋಡುವ ಕೆಲಸದಲ್ಲಿ ಪಾಲು ಕೊಡಬೇಕು.

ಆಶ್ರಮ ಶಾಲೆ ಮತ್ತು ವಸತಿ ಶಾಲೆಗಳಿಗೆ ಸೇರಿಸುವುದು ಒಳ್ಳೆಯದೇ?

ಆರನೆಯ ತರಗತಿಯ ನಂತರವಾದರೆ ಬಹುಮಟ್ಟಿಗೆ ಹೌದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ಇರುತ್ತದೆ, ಐದನೆಯ ತರಗತಿಯ ಮಾಸ್ತರು ಅರ್ಜಿ ತುಂಬಿಸುವ ಹೊಣೆ ಹೊತ್ತರೆ ಮಾತ್ರ ವಾಡೆಯ ಮಕ್ಕಳು ಅಲ್ಲಿಗೆ ತಲುಪುತ್ತಾರೆ. ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ವಾಲ್ಮೀಕಿ ಆಶ್ರಮ ಶಾಲೆಗಳು ಒಂದನೆಯ ತರಗತಿಯಿಂದಲೇ ಮಕ್ಕಳನ್ನು ಇರಿಸಿಕೊಳ್ಳುತ್ತವೆ. ಆರು ವರ್ಷದ ಮಗುವನ್ನು ತಾಯಿಯಿಂದ ದೂರ ಮಾಡುವುದು ಗತ್ಯಂತರವಿಲ್ಲದಾಗ ಮಾತ್ರ ಸರಿ ಎಂಬುದು ನನ್ನ ಅನಿಸಿಕೆ. ಗುಳೆ ಹೋಗುವ ಮನೆಗಳಿಗೆ ಆ ಗತ್ಯಂತರ ನಿಜವಾಗಿಯೂ ಇರುವುದಿಲ್ಲ. ಸೇರಿಸುವ ಮೊದಲು ಕುಡಿಯುವ ನೀರು, ಶೌಚಾಲಯದ ಬಾಗಿಲಿನ ಚಿಲಕ, ರಾತ್ರಿ ಉಳಿಯುವ ಮಹಿಳಾ ಸಿಬ್ಬಂದಿ, ವೈದ್ಯರ ಭೇಟಿಯ ದಾಖಲೆ ಇವನ್ನು ಕಣ್ಣಾರೆ ನೋಡಿ. ಕಜ್ಜಿ ಬಂದ ಒಂದು ಮಗುವಿಗೆ ಔಷಧ ಹಚ್ಚಿ ಉಳಿದವರನ್ನು ಬಿಟ್ಟರೆ ಇಡೀ ಕೋಣೆಗೆ ಹರಡುತ್ತದೆ, ಎಲ್ಲರಿಗೂ ಒಂದೇ ದಿನ ಹಚ್ಚಿ ಹಾಸಿಗೆ-ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು.

ಏಳನೆಯ ತರಗತಿ ಮುಗಿದ ಮೇಲೆ ಹೆಣ್ಣುಮಕ್ಕಳು ಶಾಲೆ ಬಿಡುತ್ತಾರೆ. ತಡೆಯುವುದು ಹೇಗೆ?

ಪ್ರೌಢಶಾಲೆ ದೂರವಿರುವುದು, ದಾರಿಯಲ್ಲಿ ಜೊತೆ ಇಲ್ಲದಿರುವುದು, ಮುಟ್ಟಿನ ದಿನಗಳಲ್ಲಿ ಶೌಚಾಲಯದಲ್ಲಿ ನೀರಿಲ್ಲದಿರುವುದು, ಇವು ಮೂರೂ ಸೇರಿ ಶಾಲೆ ಬಿಡಿಸುತ್ತವೆ. ಬಿಟ್ಟ ವರ್ಷದೊಳಗೆ ಮದುವೆಯ ಮಾತು ಬರುತ್ತದೆ. ಬಸ್ಸಿನ ವೇಳೆಯನ್ನು ಶಾಲೆಯ ವೇಳೆಗೆ ಹೊಂದಿಸಲು ಬಸ್ ಘಟಕದ ವ್ಯವಸ್ಥಾಪಕರಿಗೆ ಪಂಚಾಯಿತಿಯಿಂದ ಪತ್ರ ಬರೆಸುವುದು ಭಾಷಣಕ್ಕಿಂತ ಹೆಚ್ಚು ಫಲ ಕೊಟ್ಟೀತು. 10ರಿಂದ 19 ವರ್ಷದವರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಊಟದ ನಂತರ, ಶಿಕ್ಷಕರ ಎದುರಿಗೇ ನುಂಗಿಸಬೇಕು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು ವಾಕರಿಕೆಯಾದ ಹುಡುಗಿ ಮತ್ತೆ ಅದನ್ನು ಮುಟ್ಟುವುದಿಲ್ಲ. 18 ವರ್ಷದೊಳಗಿನ ಹುಡುಗಿಯ ಮದುವೆ ಕರ್ನಾಟಕದ ತಿದ್ದುಪಡಿಯ ಪ್ರಕಾರ ಮೊದಲಿನಿಂದಲೇ ಅಸಿಂಧು. ಸುಳಿವು ಸಿಕ್ಕ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಕರೆ ಮಾಡಿದವರ ಹೆಸರನ್ನು ಗುಟ್ಟಾಗಿಡಲಾಗುತ್ತದೆ. ಸವದತ್ತಿಯ ಸುತ್ತಮುತ್ತ ದೇವದಾಸಿ ಬಿಡುವ ಸುಳಿವಿಗೂ ಇದೇ ಸಂಖ್ಯೆ. ಆ ಪದ್ಧತಿಯನ್ನು ರಾಜ್ಯ 1982ರಲ್ಲಿಯೇ ಕಾಯ್ದೆಯಿಂದ ನಿಷೇಧಿಸಿದೆ.

ನಮ್ಮ ಯುವಕ ಸಂಘದಿಂದ ಏನಾದರೂ ಮಾಡಬೇಕೆಂದಿದ್ದೇವೆ. ಬಿಸ್ಕತ್ತು, ನೋಟ್‌ಬುಕ್ ಹಂಚಬಹುದೇ?

ನೋಟ್‌ಬುಕ್ ಸರಿ, ಬಿಸ್ಕತ್ತು ಬೇಡ. ಅದೇ ಹಣದಲ್ಲಿ ಶೇಂಗಾ, ಬೆಲ್ಲ, ಪುಟಾಣಿ ಕೊಂಡು ಉಂಡೆ ಕಟ್ಟಿಸಿ ಅಂಗನವಾಡಿಗೆ ಕೊಡಿ. ಅದಕ್ಕಿಂತ ಉಪಯುಕ್ತವಾದ ಕೆಲಸ ಬೇಕೆಂದರೆ ಒಂದು ವಾಡೆಯನ್ನೋ ತಾಂಡಾವನ್ನೋ ಆರಿಸಿಕೊಂಡು ಹನ್ನೆರಡು ತಿಂಗಳ ಪಟ್ಟಿ ಬರೆಯಿರಿ: ಯಾವ ತಿಂಗಳು ಹಳ್ಳ ತುಂಬುತ್ತದೆ, ಯಾವಾಗ ಗುಳೆ ಹೊರಡುತ್ತಾರೆ, ಯಾವಾಗ ಮರಳುತ್ತಾರೆ, ಮನೆಯಲ್ಲಿ ಕಾಳು ಯಾವಾಗ ತೀರುತ್ತದೆ. ಲಸಿಕೆ ಶಿಬಿರ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡದ ಭೇಟಿ, ಶಾಲಾ ದಾಖಲಾತಿ ಆಂದೋಲನ ಇವುಗಳ ದಿನಾಂಕವನ್ನು ಆ ಪಟ್ಟಿಗೆ ಹೊಂದಿಸಿಕೊಡುವಂತೆ ವೈದ್ಯಾಧಿಕಾರಿಯನ್ನೂ ಕ್ಷೇತ್ರ ಶಿಕ್ಷಣಾಧಿಕಾರಿಯನ್ನೂ ಕೇಳಿ.

ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕೆಂಬ ನಿಯಮವಿದೆ, ಅದು ಬಹಳಷ್ಟು ಕಡೆ ಪಂಚಾಯಿತಿ ಕೇಂದ್ರದ ಶಾಲೆಯ ಮಕ್ಕಳಿಂದಲೇ ಮುಗಿದುಹೋಗುತ್ತದೆ. ವಾಡೆಯ ಮಕ್ಕಳನ್ನು ಅಲ್ಲಿಗೆ ಕರೆತರಲು ಒಂದು ಟಂಟಂ ಬಾಡಿಗೆ ಮಾಡಿ, ಮತ್ತು ಸಭೆಯನ್ನು ಅವರು ಊರಲ್ಲಿರುವ ತಿಂಗಳಿನಲ್ಲಿಯೇ ಇಡುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಮೊದಲೇ ಬರೆದು ಕೊಡಿ.